ಪುಕ್ಕಟೆ ಶಾಲೆಗೂ ಬೆಲೆಯುಂಟು



ಪ್ರತಿ ವರ್ಷ ಜನವರಿಯ ಕೊನೆಯ ವಾರದಿಂದ ಫೆಬ್ರವರಿ ನಡುವಿನ ತನಕ ನಮ್ಮ ತರಗತಿಗಳಲ್ಲಿ ಕೆಲವು ಜಾಗಗಳು ಬರಿದಾಗುತ್ತವೆ. ಹೊಸೂರಿನ ಸುತ್ತಮುತ್ತಲ ಗುಲಾಬಿ ತೋಟಗಳಲ್ಲಿ ಅದು ಬಿಡುವಿಲ್ಲದ ಕಾಲ. ಫೆಬ್ರವರಿ 14ಕ್ಕೆ ಮುಂಚೆ ಹೂವು ಪರದೇಶ ಸೇರಬೇಕು. ತಾಯಂದಿರು ಬೆಳಕು ಹರಿಯುವ ಮೊದಲೇ ಹೂವಿನ ಶೆಡ್ಡಿಗೆ ಹೊರಡುತ್ತಾರೆ. ಮನೆಯಲ್ಲಿ ಕೈಗೂಸಿದ್ದರೆ ಅದನ್ನು ನೋಡಿಕೊಳ್ಳಲು ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹುಡುಗಿ ಮನೆಯಲ್ಲೇ ನಿಲ್ಲುತ್ತಾಳೆ. ನಾವು ವಿಚಾರಿಸಲು ಹೋದರೆ ತಾಯಿ ಹೇಳುವ ಮಾತು ಒಂದೇ: "ಫೀಜಿಲ್ಲ, ಪುಸ್ತಕ ಪುಕ್ಕಟೆ, ಊಟವೂ ಉಂಟು, ಎಲ್ಲಾ ಸರಿ ಸಾರ್. ಆದರೆ ಮಗೂನ ಯಾರು ನೋಡ್ತಾರೆ?"

ಈ ಮಾತಿಗೆ ಸಿಟ್ಟಾಗುವುದು ಸುಲಭ, ಉತ್ತರ ಹೇಳುವುದು ಕಷ್ಟ. ಶಾಲೆ ಪುಕ್ಕಟೆಯಾದ ಮೇಲೂ ಬಡವರ ಮಕ್ಕಳು ಏಕೆ ಹಿಂದೆ ಬೀಳುತ್ತಾರೆ? ಸರ್ಕಾರದ ಶಿಕ್ಷಣ ನೀತಿಗೂ ಮನೆಯ ಬಡತನಕ್ಕೂ ಇರುವ ಸಂಬಂಧವೇನು? ಈ ಪ್ರಶ್ನೆಗಳನ್ನು ನಮ್ಮ ರಾಜ್ಯದಲ್ಲೇ ನಡೆದ ಒಂದು ಚರಿತ್ರೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಮನೆಯ ಲೆಕ್ಕ

ಮಗುವನ್ನು ಶಾಲೆಗೆ ಕಳುಹಿಸುವುದೆಂದರೆ ಮನೆಗೆ ಖರ್ಚು. ಅದರಲ್ಲಿ ಕಣ್ಣಿಗೆ ಕಾಣುವ ಖರ್ಚು ಶುಲ್ಕ ಮತ್ತು ಪುಸ್ತಕ. ಕಾಣದ ಖರ್ಚು ಇನ್ನೂ ನಾಲ್ಕಿವೆ. ಮೊದಲನೆಯದು ಹೊಟ್ಟೆ. ಮನೆಯಲ್ಲಿ ಮಧ್ಯಾಹ್ನ ಒಲೆ ಉರಿಯದಿದ್ದರೆ ಶಾಲೆಗೆ ಬುತ್ತಿ ಎಲ್ಲಿಂದ ಬರಬೇಕು? ಎರಡನೆಯದು ದಾರಿ. ಶಾಲೆ ಮೂರು ಮೈಲಿ ದೂರವಿದ್ದರೆ ಗಂಡು ಹುಡುಗ ನಡೆದಾನು, ಹುಡುಗಿಯನ್ನು ಕಳುಹಿಸಲು ತಂದೆತಾಯಿ ಅಂಜುತ್ತಾರೆ. ಮೂರನೆಯದು ಬಟ್ಟೆ. ಹರಿದ ಅಂಗಿ ತೊಟ್ಟು ಇತರರ ನಡುವೆ ಕೂಡಲು ಮಗು ನಾಚುತ್ತದೆ. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ಅದು ಹೊತ್ತು. ಶಾಲೆಯಲ್ಲಿ ಕಳೆದ ಪ್ರತಿಯೊಂದು ಗಂಟೆಯೂ ದನ ಮೇಯಿಸುವ, ನೀರು ತರುವ, ತಮ್ಮನನ್ನು ಎತ್ತಿಕೊಳ್ಳುವ ಗಂಟೆ. ಉಳ್ಳವರ ಮನೆಯಲ್ಲಿ ಮಗುವಿನ ಹೊತ್ತಿಗೆ ಬೆಲೆಯಿಲ್ಲ, ಆ ಕೆಲಸಕ್ಕೆ ಆಳಿರುತ್ತದೆ. ಇಲ್ಲದವರ ಮನೆಯಲ್ಲಿ ಮಗುವಿನ ಹೊತ್ತೇ ಒಂದು ಆದಾಯ.

ಆದ್ದರಿಂದ ಒಂದೇ ಶಾಲೆ, ಒಂದೇ ಶುಲ್ಕ, ಒಂದೇ ಪಾಠವಿದ್ದರೂ ಅದರ ಬೆಲೆ ಎರಡು ಮನೆಗಳಿಗೆ ಎರಡು ತೆರನಾಗಿರುತ್ತದೆ. ಈ ಕಾಣದ ಖರ್ಚುಗಳಲ್ಲಿ ಯಾವುದನ್ನು ಸರ್ಕಾರ ಹೊರುತ್ತದೆ, ಯಾವುದನ್ನು ಮನೆಗೇ ಬಿಡುತ್ತದೆ ಎಂಬುದರ ಮೇಲೆ ಒಂದು ಶಿಕ್ಷಣ ನೀತಿ ಬಡವರಿಗೆ ಒದಗುತ್ತದೆಯೇ ಇಲ್ಲವೇ ಎಂಬುದು ತೀರ್ಮಾನವಾಗುತ್ತದೆ.

ಮೂರು ಗಂಟೆಯ ಶಾಲೆ

ನಮ್ಮ ಹೊಸೂರಿಗೆ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಗೇರಿದವರು ಚಕ್ರವರ್ತಿ ರಾಜಗೋಪಾಲಾಚಾರಿಯವರು. ಅವರು 1952ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು. ಆಗ ನಮ್ಮ ಹೊಸೂರು ತಾಲ್ಲೂಕು ಸೇಲಂ ಜಿಲ್ಲೆಯಲ್ಲಿತ್ತು. ಈಗ ಕೇರಳಕ್ಕೆ ಸೇರಿರುವ ಕಾಸರಗೋಡು ಕೂಡ ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು.

ರಾಜಾಜಿಯವರ ಮುಂದೆ ಇದ್ದ ಸಮಸ್ಯೆ ಸಣ್ಣದಲ್ಲ. ಸಂವಿಧಾನ ಜಾರಿಗೆ ಬಂದ ಹತ್ತು ವರ್ಷಗಳೊಳಗೆ, ಎಂದರೆ 1960ರ ಹೊತ್ತಿಗೆ, 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯ ಯತ್ನಿಸಬೇಕೆಂದು 45ನೆಯ ಅನುಚ್ಛೇದ ಹೇಳಿತ್ತು. ಆದರೆ ಶಾಲೆಗಳು ಸಾಲವು, ಉಪಾಧ್ಯಾಯರು ಸಾಲರು, ಬೊಕ್ಕಸದಲ್ಲಿ ಹಣವಿಲ್ಲ. ಆಗ ಅವರು 1953ರಲ್ಲಿ ಒಂದು ಹೊಸ ಯೋಜನೆಯನ್ನು ತಂದರು. ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳನ್ನು ಎರಡು ಪಾಳಿಗಳಾಗಿ ವಿಂಗಡಿಸುವುದು, ಪ್ರತಿ ಮಗುವೂ ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿ ಕಲಿಯುವುದು, ಉಳಿದ ಹೊತ್ತಿನಲ್ಲಿ ತಂದೆತಾಯಿಗಳ ಕಸುಬನ್ನು ಕಲಿಯುವುದು, ಇದು ಅದರ ತಿರುಳು. ಅದೇ ಕಟ್ಟಡ, ಅದೇ ಉಪಾಧ್ಯಾಯರು, ಹೆಚ್ಚು ಖರ್ಚಿಲ್ಲದೆ ಎರಡರಷ್ಟು ಮಕ್ಕಳು.

ಇದರ ಹಿಂದೆ ಒಂದು ಆದರ್ಶವೂ ಇತ್ತು. ಪುಸ್ತಕದ ವಿದ್ಯೆಯೊಂದೇ ವಿದ್ಯೆಯಲ್ಲ, ಕೈಕೆಲಸಕ್ಕೂ ಗೌರವ ಸಲ್ಲಬೇಕು ಎಂಬುದು ಗಾಂಧೀಜಿಯವರ ಮೂಲಶಿಕ್ಷಣದ ತತ್ತ್ವ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವೂ ಮಕ್ಕಳಿಗೆ ಹೇಳುತ್ತೇವಲ್ಲವೇ? ರಾಜಾಜಿಯವರ ಉದ್ದೇಶವನ್ನು ಸಂದೇಹಿಸುವುದು ನಮ್ಮ ಕೆಲಸವಲ್ಲ. ಆ ನೀತಿಯಿಂದ ಯಾರಿಗೆ ಏನಾಗುತ್ತಿತ್ತು ಎಂಬುದನ್ನಷ್ಟೇ ನೋಡೋಣ.

ತಂದೆಯ ಕಸುಬು ಎಂದರೆ ಯಾವುದು?

ನಮ್ಮ ದೇಶದಲ್ಲಿ ಕಸುಬು ಜಾತಿಯೊಡನೆ ಹೆಣೆದುಕೊಂಡಿತ್ತು. ಅಗಸರ ಹುಡುಗ ತಂದೆಯ ಕಸುಬು ಕಲಿತರೆ ಬಟ್ಟೆ ಒಗೆಯುವವನಾಗುತ್ತಾನೆ. ಕ್ಷೌರಿಕನ ಮಗ ಕ್ಷೌರಿಕನಾಗುತ್ತಾನೆ. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವ ತಂದೆಗೆ ಮಗನಿಗೆ ಕಲಿಸಲು ಕಸುಬೆಂಬುದೇ ಇಲ್ಲ, ಅವನ ಮಗ ಆ ಮೂರು ಗಂಟೆಯೂ ಕೂಲಿಯೇ ಮಾಡಬೇಕು. ವಕೀಲರ ಮಗ ತಂದೆಯಿಂದ ಕಲಿಯುವುದಾದರೆ ಓದುಬರಹವನ್ನೇ ಕಲಿಯುತ್ತಾನೆ. ಅಷ್ಟೇ ಅಲ್ಲ, ಯೋಜನೆ ಜಾರಿಯಾದದ್ದು ಹಳ್ಳಿಗಳಲ್ಲಿ. ಪಟ್ಟಣದ ಮಗು ಹಿಂದಿನಂತೆ ಇಡೀ ದಿನ ಓದಿದರೆ ಹಳ್ಳಿಯ ಮಗು ಅರ್ಧ ದಿನ ಓದಬೇಕಾಯಿತು. ಮುಂದೆ ಇಬ್ಬರೂ ಬರೆಯುವ ಪರೀಕ್ಷೆ ಒಂದೇ, ಕೇಳುವ ಉದ್ಯೋಗವೂ ಒಂದೇ.

ಈ ಕಾರಣದಿಂದಲೇ ಪೆರಿಯಾರ್ ರಾಮಸ್ವಾಮಿಯವರ ದ್ರಾವಿಡ ಕಳಗವೂ ಅಣ್ಣಾದೊರೆಯವರ ದ್ರಾವಿಡ ಮುನ್ನೇತ್ರ ಕಳಗವೂ ಅದನ್ನು 'ಕುಲ ಕಲ್ವಿ', ಎಂದರೆ ಕುಲವಿದ್ಯೆ, ಎಂದು ಕರೆದು ಚಳವಳಿ ಹೂಡಿದವು. ಆಡಳಿತ ಪಕ್ಷವಾದ ಕಾಂಗ್ರೆಸಿನೊಳಗೂ ವಿರೋಧ ಎದ್ದಿತು. ಶಾಸನಸಭೆಯ ಒತ್ತಾಯದಿಂದ ವಿಷಯ ತಜ್ಞರ ಸಮಿತಿಯೊಂದಕ್ಕೆ ಹೋಯಿತು. ಸಮಿತಿ ಯೋಜನೆಯ ಪರವಾಗಿಯೇ ವರದಿ ಕೊಟ್ಟರೂ ಜನರ ಅಸಮಾಧಾನ ತಣಿಯಲಿಲ್ಲ. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಅದೇ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾದ ಕಾಮರಾಜರ ಸರ್ಕಾರ ಮೇ ತಿಂಗಳಲ್ಲೇ ಆ ಯೋಜನೆಯನ್ನು ಕೈಬಿಟ್ಟಿತು.

ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ಬಡವರಿಗೆ ಹೊತ್ತಿಲ್ಲ ಎಂಬುದನ್ನು ರಾಜಾಜಿಯವರು ಸರಿಯಾಗಿಯೇ ಗುರುತಿಸಿದ್ದರು. ಆದರೆ ಅದಕ್ಕೆ ಅವರು ಕಂಡುಕೊಂಡ ಪರಿಹಾರ ಶಾಲೆಯನ್ನೇ ಬಡವರ ಹೊತ್ತಿಗೆ ತಕ್ಕಂತೆ ಕುಗ್ಗಿಸುವುದು. ಹಾಗೆ ಮಾಡಿದರೆ ಮಕ್ಕಳ ಸಂಖ್ಯೆ ಪುಸ್ತಕದಲ್ಲಿ ಹೆಚ್ಚುತ್ತದೆ, ಅಂತರ ಮಾತ್ರ ಹಾಗೆಯೇ ಉಳಿಯುತ್ತದೆ.

ಕಾಮರಾಜರ ದಾರಿ

ಕಾಮರಾಜರು ಹುಟ್ಟಿದ್ದು 1903ರಲ್ಲಿ, ವಿರುದುನಗರದಲ್ಲಿ. ತಂದೆ ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಅವರು ಓದಿದ ಶಾಲೆಯನ್ನು ಊರಿನ ಜನಾಂಗದವರು ಮನೆಮನೆಯಿಂದ ಮುಷ್ಟಿ ಅಕ್ಕಿ ಕೂಡಿಸಿ ನಡೆಸುತ್ತಿದ್ದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಮಾತನ್ನು ಅವರು ಕಣ್ಣಾರೆ ಕಂಡಿದ್ದರು.

ಅವರು ಹಿಡಿದ ದಾರಿ ಬೇರೆ. ಶಾಲೆಯನ್ನು ಕುಗ್ಗಿಸುವ ಬದಲು ಮನೆಯ ಕಾಣದ ಖರ್ಚುಗಳನ್ನು ಒಂದೊಂದಾಗಿ ಸರ್ಕಾರ ಮತ್ತು ಸಮಾಜದ ಹೆಗಲಿಗೆ ವರ್ಗಾಯಿಸುವುದು. ಹಳ್ಳಿಹಳ್ಳಿಗೂ ಪ್ರಾಥಮಿಕ ಶಾಲೆ ಹತ್ತಿರವಾಗಬೇಕೆಂದು ಹೊಸ ಶಾಲೆಗಳನ್ನು ತೆರೆದರು. ಇದರಿಂದ ದಾರಿಯ ಖರ್ಚು ತಗ್ಗಿತು. 1956ರಲ್ಲಿ ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಕೆಲಸ ಆರಂಭವಾಯಿತು. ಇದರಿಂದ ಹೊಟ್ಟೆಯ ಖರ್ಚು ತಗ್ಗಿತು. 1960ರ ಸುಮಾರಿಗೆ ಸಾರ್ವಜನಿಕರ ನೆರವಿನಿಂದ ಸಮವಸ್ತ್ರ ಹಂಚುವ ಪದ್ಧತಿ ಬಂತು. ಒಂದೇ ಬಟ್ಟೆ ತೊಟ್ಟಾಗ ಯಾರು ಉಳ್ಳವರು, ಯಾರು ಇಲ್ಲದವರು ಎಂಬುದು ಕಣ್ಣಿಗೆ ಹೊಡೆಯುವುದಿಲ್ಲ. ಪ್ರೌಢಶಾಲೆಯ ಶುಲ್ಕವೂ ಮೊದಲು ಬಡವರ ಮಕ್ಕಳಿಗೆ, ಅನಂತರ ಎಲ್ಲರಿಗೂ 1960ರ ದಶಕದಲ್ಲಿ ರದ್ದಾಯಿತು. ಇದನ್ನೆಲ್ಲ ಕಾರ್ಯರೂಪಕ್ಕೆ ತಂದವರಲ್ಲಿ ಆಗಿನ ವಿದ್ಯಾ ಇಲಾಖೆಯ ನಿರ್ದೇಶಕರಾದ ನೆ. ದು. ಸುಂದರವಡಿವೇಲು ಅವರು ಮುಖ್ಯರು.

ಶಾಲೆಯಲ್ಲಿ ಊಟ ಕೊಡುವ ಯೋಚನೆ ಅದಕ್ಕೂ ಹಳೆಯದು. 1920ರಲ್ಲೇ ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ ಮದರಾಸು ನಗರಸಭೆ ತನ್ನ ಶಾಲೆಯೊಂದರಲ್ಲಿ ಮಕ್ಕಳಿಗೆ ಆಹಾರ ಕೊಟ್ಟಿತ್ತು. ಹಣದ ಅಡ್ಡಿಯಿಂದ ಕೆಲವು ವರ್ಷಗಳಲ್ಲಿ ಅದು ನಿಂತಿತು. ಆ ಯೋಚನೆಯನ್ನು ರಾಜ್ಯದ ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಕಾಮರಾಜರ ಕಾಲ.

ತಟ್ಟೆ ಹಿಡಿದು ಹೋದ ಕಾಲ

1982ರ ಜುಲೈ 1ರಂದು ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಅವರ ಸರ್ಕಾರ ಪೌಷ್ಟಿಕ ಊಟದ ಯೋಜನೆಯನ್ನು ಆರಂಭಿಸಿತು. ತಮಿಳಿನಲ್ಲಿ ಅದರ ಹೆಸರು 'ಸತ್ತುಣವು'. ಮೊದಲು ಹಳ್ಳಿಗಳ ಚಿಕ್ಕ ಮಕ್ಕಳಿಗೆ, ಅದೇ ವರ್ಷ ಪಟ್ಟಣಗಳಿಗೆ, 1984ರ ಸೆಪ್ಟೆಂಬರಿನಲ್ಲಿ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಅದು ವಿಸ್ತರಿಸಿತು. ಇಷ್ಟೊಂದು ಹಣ ಅನ್ನಕ್ಕೆ ಸುರಿಯುವುದೇ ಎಂದು ಆಗ ಟೀಕಿಸಿದವರು ಬಹಳ ಮಂದಿ.

ನಾವು ಒಂದನೆಯ ತರಗತಿಗೆ ಸೇರಿದ್ದು ಅದಾದ ಸ್ವಲ್ಪ ಕಾಲಕ್ಕೆ. ಸ್ಲೇಟಿನ ಜೊತೆಗೆ ಒಂದು ಅಲ್ಯೂಮಿನಿಯಂ ತಟ್ಟೆಯನ್ನೂ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆವು. ದಾರಿಯುದ್ದಕ್ಕೂ ತಟ್ಟೆ ಸ್ಲೇಟಿಗೆ ತಗುಲಿ ಸದ್ದಾಗುತ್ತಿತ್ತು. ಕನ್ನಡದಲ್ಲಿ ಪಾಠ ಹೇಳುತ್ತಿದ್ದ ಗುರುಗಳು ಊಟದ ಹೊತ್ತಿಗೆ ತಮಿಳಿನಲ್ಲಿ ಅಡುಗೆಯಮ್ಮನನ್ನು ಕೂಗುತ್ತಿದ್ದರು. ನಮಗೆ ಎರಡು ಭಾಷೆಗಳೂ ಹೀಗೆಯೇ ಬಂದವು. ನಮ್ಮ ತಾಯಿಗೆ ಅಕ್ಷರ ಬಾರದು. ಆದರೆ ಅವರ ಲೆಕ್ಕ ಸರಿಯಾಗಿತ್ತು: "ಒಂದು ಹೊತ್ತಿನ ಊಟ ಅಲ್ಲೇ ಆಗ್ತದೆ, ಓದು ಬಂದರೆ ಬರಲಿ." ಓದು ಬಂತು, ಇಂದು ಈ ಲೇಖನ ಬರೆಯುತ್ತಿದ್ದೇವೆ.

ಆದರೆ ಅದೇ ಮನೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ಅಕ್ಕ ನಮಗಿಂತ ಚುರುಕು. ಅವಳು ಐದನೆಯ ತರಗತಿ ಮುಗಿಸಿದ್ದು 1984ರ ಬೇಸಿಗೆಯಲ್ಲಿ. ಆರನೆಯ ತರಗತಿಗೆ ಪಕ್ಕದ ಊರಿಗೆ ನಡೆದು ಹೋಗಬೇಕಿತ್ತು, ಅಲ್ಲಿ ದೊಡ್ಡ ಮಕ್ಕಳಿಗೆ ಆಗ ಊಟವಿರಲಿಲ್ಲ. ಜೂನ್‌ನಲ್ಲಿ ಅವಳನ್ನು ಬಿಡಿಸಿದರು. ಸೆಪ್ಟೆಂಬರಿನಲ್ಲಿ ದೊಡ್ಡ ಮಕ್ಕಳಿಗೂ ಊಟ ಬಂತು. ನಡುವಿನ ಅಂತರ ಕೇವಲ ಮೂರು ತಿಂಗಳು. ಊಟ ಮೊದಲೇ ಬಂದಿದ್ದರೆ ಅವಳು ಓದುತ್ತಿದ್ದಳೇ? ಖಂಡಿತವಾಗಿ ಹೇಳಲಾರೆವು, ಏಕೆಂದರೆ ದಾರಿ ಹಾಗೆಯೇ ಉದ್ದವಾಗಿರುತ್ತಿತ್ತು. ಆದರೆ ಒಮ್ಮೆ ಬಿಟ್ಟ ಮಗುವನ್ನು ನಡುವೆ ಮರಳಿ ಸೇರಿಸುವವರು ಕಡಿಮೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡೆವು. ನೀತಿ ತಡವಾದರೆ ಕಾಗದದ ಮೇಲೆ ಕೆಲವು ತಿಂಗಳು ಕಳೆಯುತ್ತವೆ. ಮಗುವಿನ ಬಾಳಿನಲ್ಲಿ ಎಲ್ಲವೂ ಕಳೆದುಹೋಗಬಹುದು.

ಮುಂದೆ ಈ ಯೋಜನೆ ದೇಶಕ್ಕೇ ಮಾದರಿಯಾಯಿತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು, ಆದರೆ ಬಹಳ ಕಡೆ ಬೇಯಿಸದ ಧಾನ್ಯವನ್ನೇ ಹಂಚಲಾಗುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆಜ್ಞೆ ಮಾಡಿತು. ನೆರೆಯ ಕರ್ನಾಟಕದಲ್ಲಿ 'ಅಕ್ಷರ ದಾಸೋಹ' 2002ರಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ 2022ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಮೊದಲಾದ ಬೆಳಗಿನ ಉಪಾಹಾರದ ಯೋಜನೆ 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸಿತು. ಬರಿಹೊಟ್ಟೆಯಲ್ಲಿ ಬಂದ ಮಗುವಿಗೆ ಮೊದಲ ಗಂಟೆಯ ಪಾಠ ತಲೆಗೆ ಹತ್ತುವುದಿಲ್ಲ ಎಂಬುದನ್ನು ಯಾವ ಉಪಾಧ್ಯಾಯರೂ ಬಲ್ಲರು.

ಕಾನೂನು ಬಂದ ಮೇಲೆ

ಸಂವಿಧಾನ ಇಟ್ಟ 1960ರ ಗಡುವು ಮೀರಿ ಹೋಯಿತು. 2002ರ 86ನೆಯ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದಕ್ಕಾಗಿ ರಚಿತವಾದ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಗಳೂ ಪ್ರವೇಶದ ತರಗತಿಯಲ್ಲಿ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು ಆ ಕಾಯ್ದೆ ವಿಧಿಸಿತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಅದು ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಇದಕ್ಕಿಂತ ಮುಂಚೆಯೇ, 1964–66ರ ಕೊಠಾರಿ ಆಯೋಗ ಇನ್ನೂ ದೊಡ್ಡ ಮಾತನ್ನು ಹೇಳಿತ್ತು. ಒಂದು ಬಡಾವಣೆಯ ಎಲ್ಲ ಮಕ್ಕಳೂ, ಸಾಹುಕಾರನ ಮಗನೂ ಕೂಲಿಯವನ ಮಗಳೂ, ಹತ್ತಿರದ ಒಂದೇ ಶಾಲೆಯಲ್ಲಿ ಕೂಡಿ ಓದಬೇಕು. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ವಿನಿಯೋಗವಾಗಬೇಕು ಎಂದು ಅದು ಸೂಚಿಸಿತು. 1968, 1986 ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿಗಳು ಶೇ. 6ರ ಮಾತನ್ನು ಪುನರುಚ್ಚರಿಸಿದವು. ದೇಶ ಆ ಮಟ್ಟವನ್ನು ಇನ್ನೂ ಮುಟ್ಟಿಲ್ಲ. ನೆರೆಯ ಮಕ್ಕಳೆಲ್ಲರ ಒಂದೇ ಶಾಲೆ ಎಂಬ ಮಾತಂತೂ ದೂರವೇ ಉಳಿಯಿತು. ಬೆಳಿಗ್ಗೆ ನಮ್ಮ ಹಳ್ಳಿಗಳ ರಸ್ತೆಯಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ. ಒಂದೇ ಬೀದಿಯ ಮಕ್ಕಳು ಕೆಲವರು ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ, ಕೆಲವರು ನಡೆದು ನಮ್ಮಲ್ಲಿಗೆ ಬರುತ್ತಾರೆ.

ಹೊಸ ಕಾಲದ ಹೊಸ ಬೆಲೆ

ಅನ್ನ, ಬಟ್ಟೆ, ಪುಸ್ತಕ, ಬಸ್ಸಿನ ಪಾಸು ಇವೆಲ್ಲ ಬಂದ ಮೇಲೆ ಅಂತರ ಅಳಿಯಿತೇ? ಇಲ್ಲ, ಅದು ಜಾಗ ಬದಲಾಯಿಸಿತು. ಈಗಿನ ದೊಡ್ಡ ಖರ್ಚು ಮನೆಪಾಠ ಮತ್ತು ಕೋಚಿಂಗ್. ಶಾಲೆಯಲ್ಲಿ ಅರ್ಥವಾಗದ ಲೆಕ್ಕವನ್ನು ಉಳ್ಳವರ ಮಗು ಸಂಜೆ ದುಡ್ಡು ಕೊಟ್ಟು ಕಲಿಯುತ್ತದೆ. ನಮ್ಮ ಮಗು ಅರ್ಥವಾಗದೆಯೇ ಮಲಗುತ್ತದೆ. ವೈದ್ಯಕೀಯ ಪ್ರವೇಶಕ್ಕೆ 'ನೀಟ್' ಪರೀಕ್ಷೆ ಕಡ್ಡಾಯವಾದ ಮೇಲೆ ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಲ್ಲಿ ವೈದ್ಯಕೀಯ ಕಾಲೇಜು ಸೇರುವವರು ಬೆರಳೆಣಿಕೆಗೆ ಬಂದದ್ದು ಇದಕ್ಕೆ ಸಾಕ್ಷಿ. ಅದನ್ನು ಸರಿಪಡಿಸಲು 2020ರಲ್ಲಿ ರಾಜ್ಯ ಸರ್ಕಾರ, ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಶಿಕ್ಷಣದಲ್ಲಿ ಶೇ. 7.5ರಷ್ಟು ಸ್ಥಾನ ಮೀಸಲಿಡುವ ಕಾಯ್ದೆ ಮಾಡಿತು. 2021ರಲ್ಲಿ ಎಂಜಿನಿಯರಿಂಗ್, ಕೃಷಿ, ಕಾನೂನು ಮೊದಲಾದ ವೃತ್ತಿ ಶಿಕ್ಷಣಕ್ಕೂ ಅದು ಬಂತು. ಮೂಲಕ್ಕೆ ಇದು ಮದ್ದಲ್ಲ, ಆದರೂ ಮುಚ್ಚಿದ ಬಾಗಿಲನ್ನು ಇಷ್ಟಾದರೂ ತೆರೆದಿದೆ.

ಹೆಣ್ಣುಮಕ್ಕಳ ಮಟ್ಟಿಗೆ ಇನ್ನೊಂದು ಬದಲಾವಣೆ ಗಮನಾರ್ಹ. ಹಿಂದೆ ಬಡ ಹುಡುಗಿಯ ಮದುವೆಗೆ ಸರ್ಕಾರ ಹಣವನ್ನೂ ತಾಳಿಗೆ ಚಿನ್ನವನ್ನೂ ಕೊಡುತ್ತಿತ್ತು. 2022ರಲ್ಲಿ ಅದರ ಬದಲು 'ಪುದುಮೈ ಪೆಣ್' ಯೋಜನೆ ಬಂತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ ಕೊಡುವುದು ಅದರ ಕ್ರಮ. ಮದುವೆಗೆ ಹೋಗುತ್ತಿದ್ದ ಹಣ ಓದಿನ ಕಡೆ ತಿರುಗಿತು. ಹುಡುಗಿಯ ಹೊತ್ತಿಗೆ ಮನೆ ಕೊಡುತ್ತಿದ್ದ ಬೆಲೆಯನ್ನು ಸರ್ಕಾರ ಸ್ವಲ್ಪ ಮಟ್ಟಿಗಾದರೂ ತುಂಬಿಕೊಟ್ಟಂತಾಯಿತು.

ಗಡಿನಾಡಿನವರಾದ ನಮಗೆ ಇನ್ನೊಂದು ಹೊರೆಯಿದೆ, ಅದು ಭಾಷೆಯದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. 2006ರ ಕಾಯ್ದೆಯಿಂದ ನಮ್ಮ ರಾಜ್ಯದಲ್ಲಿ ತಮಿಳು ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ಕಡ್ಡಾಯ ಪಾಠವಾಯಿತು. ತಮಿಳು ಕಲಿಯುವುದು ನಷ್ಟವೆಂದು ನಾವು ಹೇಳುವುದಿಲ್ಲ. ನಮಗೆ ಅನ್ನ ಕೊಟ್ಟ ನೆಲದ ನುಡಿ ಅದು, ನಾವೂ ಅದರಲ್ಲೇ ಮುಂದೆ ಓದಿದವರು. ಆದರೆ ಕನ್ನಡ, ತಮಿಳು, ಇಂಗ್ಲಿಷು ಮೂರನ್ನೂ ಕಲಿಯಬೇಕಾದ ಮಗುವಿಗೆ ಹೆಚ್ಚು ಹೊತ್ತು, ಹೆಚ್ಚು ಸಹಾಯ ಬೇಕು. ಓದಿದ ತಂದೆತಾಯಿ ಇರುವ ಮನೆಯಲ್ಲಿ ಅದು ಸಿಗುತ್ತದೆ. ಕೂಲಿಯವರ ಮನೆಯಲ್ಲಿ ಅದನ್ನು ಶಾಲೆಯೇ ಕೊಡಬೇಕು. ಆಯಾ ಭಾಷೆಯ ಉಪಾಧ್ಯಾಯರ ಸ್ಥಾನ ಖಾಲಿಯಿದ್ದರೆ, ಪುಸ್ತಕ ತಡವಾದರೆ, ಅದರ ಪೆಟ್ಟು ಮೊದಲು ತಟ್ಟುವುದು ಬೇರೆ ದಾರಿಯಿಲ್ಲದ ಮಗುವಿಗೇ.

ನಾವು ಮಾಡಬಹುದಾದದ್ದು

ನೀತಿ ಮಾಡುವುದು ಸರ್ಕಾರದ ಕೆಲಸ. ಆದರೆ ಒಂದು ನೀತಿ ನಮ್ಮ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆ ಯಾವುದೆಂಬುದು ಈಗ ನಿಮಗೆ ತಿಳಿದಿರಬೇಕು: ಇದು ಬಡವರ ಮನೆಯ ಯಾವ ಖರ್ಚನ್ನು ಹೊರುತ್ತದೆ? ಅಥವಾ ಬಡತನಕ್ಕೆ ತಕ್ಕಂತೆ ಓದನ್ನೇ ಕುಗ್ಗಿಸುತ್ತದೆಯೇ? ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲೂ ಶಾಲೆಯ ಆಡಳಿತ ಸಮಿತಿಯ ಸಭೆಯಲ್ಲೂ ಕೇಳುವ ಹಕ್ಕು ಪೋಷಕರಿಗಿದೆ. ಆ ಸಭೆಗಳಿಗೆ ದಯವಿಟ್ಟು ಬನ್ನಿರಿ. ಸಹಿಗಾಗಿ ಮಾತ್ರ ಬರಬೇಡಿರಿ.

ಹೂವಿನ ಕಾಲದಲ್ಲಿ ಮಗುವನ್ನು ಯಾರು ನೋಡುತ್ತಾರೆ ಎಂದು ಕೇಳಿದ ತಾಯಿಗೆ ನಮ್ಮ ಉತ್ತರ ಇಷ್ಟು: ಕೈಗೂಸನ್ನು ಅಂಗನವಾಡಿಗೆ ಸೇರಿಸಿರಿ. ಅಂಗನವಾಡಿಯ ಹೊತ್ತು ನಿಮ್ಮ ಕೆಲಸದ ಹೊತ್ತಿಗೆ ಹೊಂದದಿದ್ದರೆ ನಾಲ್ಕು ಮನೆಯವರು ಕೂಡಿ ಸರದಿಯಂತೆ ಒಬ್ಬ ಹಿರಿಯರಿಗೆ ಒಪ್ಪಿಸಿರಿ, ಅಥವಾ ನಮಗೆ ತಿಳಿಸಿರಿ, ಎಲ್ಲರೂ ಕೂಡಿ ಅರ್ಜಿ ಹಾಕೋಣ. ವಿರುದುನಗರದ ಜನ ಮುಷ್ಟಿ ಅಕ್ಕಿಯಿಂದ ಶಾಲೆಯನ್ನೇ ನಡೆಸಿದರು. ಮೂರು ವಾರಗಳ ಕಾಲ ಒಂದು ಹುಡುಗಿಯನ್ನು ಶಾಲೆಗೆ ಬಿಡಿಸಿಕೊಡುವುದು ನಮ್ಮ ಊರಿಗೆ ಆಗದ ಕೆಲಸವಲ್ಲ.

ವಿದ್ಯಾರ್ಥಿಗಳೇ, ನೀವು ಮಧ್ಯಾಹ್ನ ಸಾಲಿನಲ್ಲಿ ಕುಳಿತು ಉಣ್ಣುವ ಅನ್ನ ಯಾರ ದಾನವೂ ಅಲ್ಲ, ನಾಚಬೇಕಾದದ್ದೂ ಅಲ್ಲ. ಬಹಳ ವರ್ಷಗಳ ವಾದ, ಹೋರಾಟ, ಯೋಚನೆಗಳ ಫಲವಾಗಿ ಅದು ನಿಮ್ಮ ತಟ್ಟೆಗೆ ಬಂದಿದೆ. ಆ ತಟ್ಟೆ ಬರುವುದಕ್ಕೆ ಮೂರು ತಿಂಗಳು ಮುಂಚೆ ಶಾಲೆ ಬಿಟ್ಟ ನಮ್ಮ ಅಕ್ಕ ಈಗಲೂ ನಮ್ಮ ಮನೆಗೆ ಬಂದಾಗ ಈ ವಾರ್ಷಿಕ ಸಂಚಿಕೆಯನ್ನು ಕೈಗೆತ್ತಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ಈ ವರ್ಷ ಈ ಪುಟವನ್ನೂ ಓದುವಳು. ಫೆಬ್ರವರಿಯಲ್ಲಿ ನಿಮ್ಮಲ್ಲಿ ಯಾರ ಜಾಗವೂ ಬರಿದಾಗದಿರಲಿ.